ಟೆಕ್ಸಸ್‌ನ ಹೆಂಫಿಲ್ ಕೌಂಟಿ: ಬೆಂಕಿ, ಬರ ಬಂದಾಗ ರೈತರ ಖಾತೆಗೆ ದುಡ್ಡು ಬರುವ ದಾರಿ

ಅಮರಿಲ್ಲೊ ಕನ್ನಡಿಗ:

ಹೋದ ವಾರ ಬೆಳೆ ಪರಿಹಾರದ ಚರ್ಚೆಯಲ್ಲಿ ಒಬ್ಬರು ಬರೆದಿದ್ದರು. ಅಮೆರಿಕದಲ್ಲಿ ರೈತನಿಗೆ ನಷ್ಟ ಆದರೆ ಮಾರನೇ ವಾರವೇ ಖಾತೆಗೆ ದುಡ್ಡು ಬೀಳುತ್ತದಂತೆ, ನಮ್ಮಲ್ಲಿ ಮಾತ್ರ ಅಲೆದಾಟವಂತೆ. ಅಲ್ಲೇ ಉತ್ತರ ಕೊಟ್ಟರೆ ಮೂಲ ವಿಷಯ ಹಾದಿ ತಪ್ಪುತ್ತದೆ ಅಂತ ಬೇರೆ ಚರ್ಚೆ ಶುರು ಮಾಡಿದ್ದೇನೆ.

ನಾನಿರುವುದು ಟೆಕ್ಸಸ್‌ನ ಉತ್ತರ ತುದಿಯಲ್ಲಿ. ಪ್ಯಾನ್‌ಹ್ಯಾಂಡಲ್ ಅಂತಾರೆ ಈ ಸೀಮೆಗೆ. ದನ ಸಾಕುವವರ ಲೆಕ್ಕಪತ್ರ, ತೆರಿಗೆ ಕೆಲಸ ಮಾಡುತ್ತೇನೆ. ಹಾಗಾಗಿ ಈ ಪರಿಹಾರದ ಅರ್ಜಿಗಳು ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ.

ಉದಾಹರಣೆಗೆ ಹೆಂಫಿಲ್ ಕೌಂಟಿ ತೆಗೆದುಕೊಳ್ಳಿ. ಕೌಂಟಿ ಅಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ. ನಮ್ಮ ಒಂದು ತಾಲೂಕಿಗಿಂತ ದೊಡ್ಡ ಜಾಗ, ಸುಮಾರು 2,360 ಚದರ ಕಿಲೋಮೀಟರ್. ಜನ ಮಾತ್ರ ಮೂರೂವರೆ ಸಾವಿರದ ಒಳಗೆ. ಕೆನೇಡಿಯನ್ ಅನ್ನುವ ಒಂದು ಊರು ಬಿಟ್ಟರೆ ಉಳಿದದ್ದೆಲ್ಲ ಹುಲ್ಲುಗಾವಲು, ಬೇಲಿ, ದನ.

2024ರ ಫೆಬ್ರವರಿ 26ರಂದು ಪಶ್ಚಿಮಕ್ಕಿರುವ ಹಚಿನ್ಸನ್ ಕೌಂಟಿಯಲ್ಲಿ ಬೆಂಕಿ ಹತ್ತಿಕೊಂಡಿತು. ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಅಂತ ಹೆಸರು. ಹಿಂದಿನ ವರ್ಷ ಮಳೆ ಚೆನ್ನಾಗಿ ಬಂದು ಹುಲ್ಲು ಎತ್ತರ ಬೆಳೆದಿತ್ತು. ಚಳಿಗಾಲಕ್ಕೆ ಅದೆಲ್ಲ ಒಣಗಿತ್ತು. ಬಿರುಗಾಳಿ ಬೇರೆ. ಹತ್ತು ಲಕ್ಷ ಎಕರೆಗೂ ಜಾಸ್ತಿ ಸುಟ್ಟು ಓಕ್ಲಹೋಮಾ ರಾಜ್ಯದ ಒಳಗೂ ನುಗ್ಗಿತು. ಟೆಕ್ಸಸ್‌ನ ದಾಖಲೆಯಲ್ಲೇ ಅತಿ ದೊಡ್ಡ ಬೆಂಕಿ ಅದು. ಇಬ್ಬರು ಸತ್ತರು. ದನ ಏಳು ಸಾವಿರಕ್ಕೂ ಹೆಚ್ಚು. ಫೆಬ್ರವರಿ 29ಕ್ಕೆ ಅದೇ ನೆಲದ ಮೇಲೆ ಹಿಮ ಬಿತ್ತು.

ಇಂಥ ರೈತನಿಗೆ ಸರ್ಕಾರದಿಂದ ಬರುವ ದುಡ್ಡು ಒಂದೇ ಕಂತಲ್ಲ. ಸತ್ತ ದನಕ್ಕೆ ಒಂದು ಯೋಜನೆ, ಸುಟ್ಟ ಮೇವಿಗೆ ಇನ್ನೊಂದು, ಬೇಲಿಗೆ ಮತ್ತೊಂದು. ಬರ ಬಂದರೆ ಅದಕ್ಕೆ ಬೇರೆಯದೇ. ಅರ್ಜಿ ಬೇರೆ, ಲೆಕ್ಕ ಬೇರೆ, ಬರುವ ಕಾಲವೂ ಬೇರೆ. ಎಲ್ಲದಕ್ಕೂ ಹೋಗಬೇಕಾದ ಕಚೇರಿ ಮಾತ್ರ ಒಂದೇ: ಫಾರ್ಮ್ ಸರ್ವಿಸ್ ಏಜೆನ್ಸಿ, ಎಫ್‌ಎಸ್‌ಎ. ಕೇಂದ್ರ ಸರ್ಕಾರದ ಕೃಷಿ ಇಲಾಖೆಗೆ ಸೇರಿದ್ದು.

ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.

ಶೇಂಗಾ ಹೊಲ:

ಅಣ್ಣ, ನೇರವಾಗಿ ಕೇಳ್ತೀನಿ. ಒಂದು ಹಸು ಸತ್ತರೆ ಎಷ್ಟು ಸಿಗುತ್ತೆ? ಎಷ್ಟು ದಿನದಲ್ಲಿ?

ಅಮರಿಲ್ಲೊ ಕನ್ನಡಿಗ:

ಸತ್ತ ದನದ ಯೋಜನೆಯನ್ನು ಎಲ್‌ಐಪಿ ಅಂತಾರೆ. ಆ ವರ್ಷದ ಸರಾಸರಿ ಮಾರುಕಟ್ಟೆ ಬೆಲೆಯ 75 ಶೇಕಡಾ. ದನದ ಜಾತಿ, ತೂಕ, ವಯಸ್ಸು ನೋಡಿ ಇಡೀ ದೇಶಕ್ಕೆ ಒಂದೇ ದರಪಟ್ಟಿ ಹಾಕುತ್ತಾರೆ. ನಿಮ್ಮದು ಒಳ್ಳೆಯ ತಳಿ, ಜಾಸ್ತಿ ಬೆಲೆ ಕೊಟ್ಟು ತಂದದ್ದು ಅಂದರೆ ಅದು ನಿಮ್ಮ ಪಾಡು.

ಇನ್ನೊಂದು ಕೊಕ್ಕೆ ಇದೆ. ಪ್ರತಿ ಮಂದೆಯಲ್ಲೂ ವರ್ಷಕ್ಕೆ ಒಂದಷ್ಟು ದನ ಹೇಗಿದ್ದರೂ ಸಾಯುತ್ತವೆ ಅಂತ ಒಂದು ಲೆಕ್ಕ ಇಟ್ಟಿರುತ್ತಾರೆ. ಅಷ್ಟನ್ನು ಮೊದಲು ಕಳೆದು, ಅದರ ಮೇಲಿನದಕ್ಕೆ ಮಾತ್ರ ದುಡ್ಡು.

ಪುರಾವೆ ಬೇಕು. ಬೆಂಕಿಗೆ ಮುಂಚೆ ಎಷ್ಟು ದನ ಇತ್ತು ಅನ್ನುವುದಕ್ಕೆ ಒಂದು, ಎಷ್ಟು ಸತ್ತವು ಅನ್ನುವುದಕ್ಕೆ ಇನ್ನೊಂದು. ಪಶುವೈದ್ಯರ ಚೀಟಿ, ದಿನಾಂಕ ಇರುವ ಫೋಟೊ, ಬ್ಯಾಂಕ್ ಸಾಲದ ಕಾಗದದಲ್ಲಿ ಬರೆದ ದನದ ಸಂಖ್ಯೆ, ಲಸಿಕೆ ಕೊಂಡ ಬಿಲ್ಲು, ಇವೆಲ್ಲ ನಡೆಯುತ್ತವೆ. ಬೆಂಕಿಯಲ್ಲಿ ಮನೆಯೇ ಸುಟ್ಟವರು ಆ ಬಿಲ್ಲುಗಳನ್ನು ಎಲ್ಲಿಂದ ತರಬೇಕು? ಇಲ್ಲೇ ನನ್ನಂಥವರಿಗೆ ಕೆಲಸ. ಹಳೇ ತೆರಿಗೆ ಲೆಕ್ಕದಿಂದ ಮಂದೆಯ ಗಾತ್ರ ತೋರಿಸಿಕೊಡಬೇಕು.

ಬೆಂಕಿ ಬಿದ್ದ ದಿನವೇ ಎಲ್ಲ ದನ ಸಾಯುವುದಿಲ್ಲ ಅನ್ನುವುದು ಇನ್ನೊಂದು ಸಂಕಟ. ಗೊರಸು ಸುಟ್ಟಿರುತ್ತದೆ, ಕೆಚ್ಚಲು ಸುಟ್ಟಿರುತ್ತದೆ. ವಾರಗಟ್ಟಲೆ ನೋಡಿ, ಆಗಲ್ಲ ಅಂತ ಗೊತ್ತಾದ ಮೇಲೆ ಗುಂಡು ಹೊಡೆಯುತ್ತಾರೆ. ಅವೂ ಲೆಕ್ಕಕ್ಕೆ ಬರುತ್ತವೆ. ಗಾಯದ ದನವನ್ನು ಸಿಕ್ಕಿದ ಬೆಲೆಗೆ ಮಾರಿದರೆ ಅದಕ್ಕೂ ಸ್ವಲ್ಪ ಇದೆ. ಫೆಬ್ರವರಿ, ಮಾರ್ಚ್ ಇಲ್ಲಿ ಕರು ಹಾಕುವ ಕಾಲ. ಸತ್ತವುಗಳಲ್ಲಿ ಗಬ್ಬದ ಹಸುಗಳೇ ಬಹಳ. ಹೊಟ್ಟೆಯಲ್ಲಿದ್ದ ಕರುವಿಗೆ ಆಗ ಒಂದು ಡಾಲರ್ ಇರಲಿಲ್ಲ. 2025ರ ಜುಲೈನಲ್ಲಿ ಬಂದ ದೊಡ್ಡ ಬಜೆಟ್ ಕಾನೂನಿನಲ್ಲಿ ಅದನ್ನೂ ಸೇರಿಸಿದರು. 2024ರ ಜನವರಿ 1ರಿಂದ ಆದ ನಷ್ಟಕ್ಕೆ ಅನ್ವಯ ಅಂತ ಬರೆದರು.

ಎಷ್ಟು ದಿನ ಅಂದರೆ, ಕಾಗದ ಸರಿ ಇದ್ದವರಿಗೆ ತಿಂಗಳುಗಳು. ಇಲ್ಲದವರಿಗೆ ಇನ್ನೂ ಜಾಸ್ತಿ. ಮಾರನೇ ವಾರ ಅನ್ನುವುದು ಕಟ್ಟುಕತೆ.

ಪಹಣಿ ಪುರಾಣ:

ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು ನಾನು. ನಮ್ಮ ದರಗಳನ್ನು ಪಕ್ಕದಲ್ಲಿ ಇಡುತ್ತೇನೆ, ಹೋಲಿಸಲು ಸುಲಭ ಆಗಲಿ.

ವಿಪತ್ತು ಪರಿಹಾರ ನಿಧಿಯ 2022-26ರ ಅವಧಿಯ ನಿಯಮದಂತೆ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ. ಉಳುವ ಎತ್ತಿಗೆ 32,000. ಕರುವಿಗೆ 20,000. ಕುರಿ, ಮೇಕೆಗೆ 4,000. ಆದರೆ ಒಂದು ಮನೆಗೆ ಮಿತಿ ಇದೆ: ಹಾಲಿನ ದೊಡ್ಡ ದನ ಮೂರು, ಕುರಿ ಮೇಕೆ ಮೂವತ್ತು. ಅದಕ್ಕಿಂತ ಜಾಸ್ತಿ ಸತ್ತರೆ ಲೆಕ್ಕಕ್ಕಿಲ್ಲ.

ಬೆಳೆಗೆ ಮಳೆಯಾಶ್ರಿತ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರ್‌ವರೆಗೆ. ಬೆಳೆ 33 ಶೇಕಡಾಕ್ಕಿಂತ ಕಮ್ಮಿ ಹಾಳಾಗಿದ್ದರೆ ಏನೂ ಇಲ್ಲ. ಇದು ಕನಿಷ್ಠ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಮೇಲೆ ಸೇರಿಸಬಹುದು. 2021ರಲ್ಲಿ ಸೇರಿಸಿದರು. 2025ರ ಮಳೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆ ಬೆಳೆ ಕೊಳೆತಾಗ ಹೆಕ್ಟೇರಿಗೆ ಇನ್ನೊಂದು 8,500 ಹೆಚ್ಚುವರಿ ಕೊಡುತ್ತೇವೆ ಅಂದರು.

ಅಮರಿಲ್ಲೊ ಸಾರ್, ಅಲ್ಲಿ ಮಿತಿ ಇಲ್ಲವೇ?

ಅಮರಿಲ್ಲೊ ಕನ್ನಡಿಗ:

ಸತ್ತ ದನಕ್ಕೆ ಮಿತಿ ಇಲ್ಲ. 2018ರ ಫೆಬ್ರವರಿಯ ಬಜೆಟ್ ಕಾನೂನಿನಲ್ಲಿ ತೆಗೆದು ಹಾಕಿದರು. ಸಾವಿರ ದನ ಸತ್ತರೆ ಸಾವಿರಕ್ಕೂ ಲೆಕ್ಕ. ಬರದ ಮೇವಿನ ಯೋಜನೆಗೆ ಮಾತ್ರ ವರ್ಷಕ್ಕೆ ಒಬ್ಬರಿಗೆ 1,25,000 ಡಾಲರ್ ಮಿತಿ ಇದೆ. ವರ್ಷದ ಸರಾಸರಿ ಆದಾಯ 9 ಲಕ್ಷ ಡಾಲರ್ ದಾಟಿದವರನ್ನು ಹೊರಗಿಡುವ ನಿಯಮವೂ ಇದೆ. ಆದರೆ ಆದಾಯದ ಮುಕ್ಕಾಲು ಪಾಲು ಕೃಷಿಯದ್ದೇ ಆಗಿದ್ದರೆ ಅದರಿಂದ ವಿನಾಯ್ತಿ ಅಂತ 2025ರ ಕಾನೂನು ಸಡಿಲ ಮಾಡಿತು. ದೊಡ್ಡವರಿಗೆ ಬಾಗಿಲು ಇನ್ನಷ್ಟು ತೆರೆಯಿತು ಅಂತಲೇ ನನ್ನ ಲೆಕ್ಕ.

ಲೆಕ್ಕ ಪಕ್ಕಾ:

ಅಂದರೆ ಹತ್ತು ಸಾವಿರ ಎಕರೆ ಇರುವವನಿಗೆ ತೆರಿಗೆದಾರರ ದುಡ್ಡಲ್ಲಿ ಬೇಲಿ ಕಟ್ಟಿಕೊಡುತ್ತಾರೆ. ಇದಕ್ಕೆ ಪರಿಹಾರ ಅಂತ ಯಾಕೆ ಕರೀಬೇಕು? ಅವರೆಲ್ಲ ಇನ್ಶೂರೆನ್ಸ್ ಮಾಡಿಸಿಕೊಂಡಿರೋದಿಲ್ವಾ?

ಅಮರಿಲ್ಲೊ ಕನ್ನಡಿಗ:

ಬೆಳೆ ಬೆಳೆಯುವವರಿಗೆ ವಿಮೆ ಬಿಗಿಯಾಗಿದೆ. ಕಂತಿನಲ್ಲಿ ದೊಡ್ಡ ಪಾಲು ಸರ್ಕಾರವೇ ಕಟ್ಟುತ್ತದೆ. ಹುಲ್ಲುಗಾವಲಿಗೂ ಒಂದು ಮಳೆ ವಿಮೆ ಇದೆ. ಹೊಲ ನೋಡಲ್ಲ, ಆ ಚೌಕದಲ್ಲಿ ಬಿದ್ದ ಮಳೆ ನೋಡಿ ದುಡ್ಡು ಕೊಡುತ್ತಾರೆ. ಮಲೆನಾಡಿನ ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆಯಲ್ಲ, ಅದೇ ರೀತಿ. ಬೆಂಕಿಗೆ ಅದರಿಂದ ಪ್ರಯೋಜನ ಇಲ್ಲ. ಮಳೆ ಸರಿಯಾಗಿ ಬಂದಿದ್ದರೆ ವಿಮೆ ಸೊನ್ನೆ. 2024ರಲ್ಲಿ ಆದದ್ದೇ ಅದು ನೋಡಿ, ಒಳ್ಳೆ ಮಳೆಗೆ ಬೆಳೆದ ಹುಲ್ಲೇ ಬೆಂಕಿಗೆ ಸೌದೆ ಆಯಿತು.

ಬೇಲಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬೇಲಿ ಅಂದರೆ ತಮಾಷೆ ಅಲ್ಲ. ಮುಳ್ಳುತಂತಿ ಬೇಲಿ ಮೈಲಿಗೆ 10,000 ಡಾಲರ್ ದಾಟುತ್ತದೆ. ಒಬ್ಬೊಬ್ಬರದು ಹತ್ತಾರು ಮೈಲಿ ಹೋಗಿದೆ. ಬೇಲಿ ಇಲ್ಲದೆ ಉಳಿದ ದನ ಬಿಡುವ ಹಾಗೂ ಇಲ್ಲ, ರಸ್ತೆಗೆ ಬರುತ್ತವೆ. ಇಸಿಪಿ ಅನ್ನುವ ಯೋಜನೆಯಲ್ಲಿ ಖರ್ಚಿನ 75 ಶೇಕಡಾವರೆಗೆ ಸರ್ಕಾರ ಕೊಡುತ್ತದೆ. ಹೊಸದಾಗಿ ಕೃಷಿಗೆ ಇಳಿದವರಿಗೆ 90ರವರೆಗೆ. ಒಂದು ವಿಪತ್ತಿಗೆ ಒಬ್ಬರಿಗೆ 5 ಲಕ್ಷ ಡಾಲರ್ ಮಿತಿ. ಆದರೆ ಕೆಲಸ ಶುರು ಮಾಡುವ ಮುಂಚೆ ಕಚೇರಿಗೆ ಹೇಳಿರಬೇಕು. ದನ ಓಡಿ ಹೋಗುತ್ತಿವೆ ಅಂತ ಗಾಬರಿಯಲ್ಲಿ ತಾನೇ ಕಂಬ ನೆಟ್ಟು, ಆಮೇಲೆ ಬಿಲ್ಲು ತಂದವನು ಕೈ ಸುಟ್ಟುಕೊಳ್ಳುತ್ತಾನೆ.

ತೊಗರಿ ಕಣಜ:

ಬೇಲಿಗೆ ಇಷ್ಟು, ದನಕ್ಕೆ ಅಷ್ಟು ಅಂತ ಕೇಳಿದರೆ ಕಿವಿ ತಂಪಾಗುತ್ತದೆ ಬಿಡ್ರಿ. ನಮ್ಮ ಕಡೆ 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ತುಂಬಿ ಬಂದು ತೊಗರಿ ಹೊಲದಲ್ಲಿ ನೀರು ನಿಂತಿತ್ತು. ಹೆಸರು ಕಟಾವಿಗೆ ಬಂದಿತ್ತು, ಗಿಡದಲ್ಲೇ ಮೊಳಕೆ ಒಡೆಯಿತು. ಒಬ್ಬರು ಬಂದು ಫೋಟೊ ಹೊಡಕೊಂಡು ಹೋದರು. ಕೆಸರೊಳಗ ಬೈಕ್ ಬರಲ್ಲ ಅಂತ ಮುಂದಿನ ಹೊಲ ನೋಡಲೇ ಇಲ್ಲ. ನನ್ನದು ರಸ್ತೆ ಪಕ್ಕ, ನನಗೆ ಬಂತು. ಒಳಗಿನ ಹೊಲದವರು ಇನ್ನೂ ಅರ್ಜಿ ಹಿಡಕೊಂಡು ತಿರುಗುತ್ತಿದ್ದಾರೆ. ಅಮೆರಿಕದಾಗ ಈ ಹೊಲ ನೋಡೋ ಕೆಲಸ ಯಾರು ಮಾಡ್ತಾರ್ರೀ?

ಅಮರಿಲ್ಲೊ ಕನ್ನಡಿಗ:

ಅಣ್ಣಾವ್ರೆ, ಇದೇ ನನಗೆ ಹೇಳಬೇಕಿದ್ದ ಮುಖ್ಯ ವಿಷಯ. ಬರದ ಮೇವಿನ ಯೋಜನೆಯಲ್ಲಿ ಹೊಲವನ್ನು ಯಾರೂ ನೋಡುವುದಿಲ್ಲ. ನಕ್ಷೆ ನೋಡುತ್ತಾರೆ.

ನೆಬ್ರಾಸ್ಕ ವಿಶ್ವವಿದ್ಯಾಲಯದ ಬರ ಕೇಂದ್ರವೂ ಕೇಂದ್ರದ ಇಲಾಖೆಗಳೂ ಸೇರಿ 1999ರಿಂದ ಪ್ರತಿ ಗುರುವಾರ ಒಂದು ಬರ ನಕ್ಷೆ ಬಿಡುತ್ತಾರೆ. ಹಳದಿಯಿಂದ ಶುರುವಾಗಿ ಕಡುಗೆಂಪಿನವರೆಗೆ ಐದು ಬಣ್ಣ. ಡಿ0ಯಿಂದ ಡಿ4. ಮೇವಿನ ಯೋಜನೆಗೆ ಎಲ್‌ಎಫ್‌ಪಿ ಅಂತ ಹೆಸರು. ಹುಲ್ಲು ಬೆಳೆಯುವ ಕಾಲದಲ್ಲಿ ನಿಮ್ಮ ಕೌಂಟಿಯ ಯಾವುದೇ ಮೂಲೆ ಡಿ3ಕ್ಕೆ, ಅಂದರೆ ಕೆಂಪಿಗೆ ಬಂದರೆ ಮೂರು ತಿಂಗಳ ಪರಿಹಾರಕ್ಕೆ ಅರ್ಹತೆ. ಡಿ4ಕ್ಕೆ ಬಂದರೆ ನಾಲ್ಕು. ಒಟ್ಟು ನಾಲ್ಕು ವಾರ ಡಿ4ರಲ್ಲಿ ಇದ್ದರೆ ಐದು. ಡಿ2 ಎಂಟು ವಾರ ಸತತವಾಗಿ ಇದ್ದರೆ ಒಂದು ತಿಂಗಳು ಅಂತ ಮುಂಚೆ ಇತ್ತು. 2025ರಲ್ಲಿ ಅದನ್ನು ನಾಲ್ಕು ವಾರಕ್ಕೆ ಇಳಿಸಿದರು. ತಿಂಗಳಿಗೆ ಮೇವಿನ ಖರ್ಚಿನ 60 ಶೇಕಡಾ. ನಿಮ್ಮ ದನದ ಸಂಖ್ಯೆಯಿಂದ ಒಂದು ಲೆಕ್ಕ, ನಿಮ್ಮ ಎಕರೆಯ ಹುಲ್ಲು ಎಷ್ಟು ದನಕ್ಕೆ ಸಾಕಾಗುತ್ತದೆ ಅಂತ ಇನ್ನೊಂದು ಲೆಕ್ಕ. ಎರಡರಲ್ಲಿ ಕಮ್ಮಿ ಇರುವುದನ್ನು ಹಿಡಿಯುತ್ತಾರೆ.

ಇದರಿಂದ ಹೊಲ ನೋಡುವವರ ಮರ್ಜಿ ಹೋಯಿತು. ಬೈಕ್ ಬರಲ್ಲ ಅನ್ನುವ ಮಾತಿಲ್ಲ. ಫೋಟೊ ಬೇಡ. ಕೆಂಪು ಬಂತು, ಅರ್ಜಿ ಹಾಕಿ, ಅಷ್ಟೇ. ಹಾಗೇ ಇನ್ನೊಂದು ಕಡೆಯನ್ನೂ ನೋಡಿ. ಕೌಂಟಿಯ ದಕ್ಷಿಣ ಮೂಲೆ ಕೆಂಪಾಗಿದ್ದರೆ ಉತ್ತರದಲ್ಲಿ ಹಸಿರು ಹುಲ್ಲು ಇರುವವನಿಗೂ ದುಡ್ಡು. ಗಡಿಯ ಈಚೆಗೆ ಡಿ2ರಲ್ಲಿ ನಿಂತವನು ಒಣಗಿ ಹೋಗಿದ್ದರೂ ಕಾಯಬೇಕು. ಹಾಗಾಗಿ ಗುರುವಾರ ಬೆಳಿಗ್ಗೆ ಇಲ್ಲಿನ ದನದವರು ಫೋನಿನಲ್ಲಿ ಮೊದಲು ನೋಡುವುದು ಆ ನಕ್ಷೆಯನ್ನೇ.

ನಕ್ಷೆ ಬರೆಯುವವರ ಮೇಲೆ ಒತ್ತಡ ಇರುತ್ತದೆಯೇ ಅಂದರೆ, ಊರಿನವರು ತಮ್ಮ ಕಡೆಯ ಒಣ ಕೆರೆ, ಹುಲ್ಲಿನ ಫೋಟೊ ಕಳಿಸಲು ಅವರೇ ಅವಕಾಶ ಕೊಟ್ಟಿದ್ದಾರೆ. ಕಳಿಸುತ್ತಾರೆ. ಕೋಟಿಗಟ್ಟಲೆ ದುಡ್ಡು ಒಂದು ಗೆರೆಗೆ ಕಟ್ಟಿ ಹಾಕಿದ ಮೇಲೆ ಆ ಗೆರೆಯನ್ನು ಜನ ತಳ್ಳದೇ ಇರುತ್ತಾರಾ?

ಲೆಕ್ಕ ಪಕ್ಕಾ:

ಸರಿ. ಹಾಗಾದರೆ ಹೆಂಫಿಲ್‌ನಲ್ಲಿ ಸುಟ್ಟ ಹುಲ್ಲಿಗೂ ಇದೇ ಯೋಜನೆಯಿಂದ ಬಂತಲ್ಲ?

ಅಮರಿಲ್ಲೊ ಕನ್ನಡಿಗ:

ಬರಲಿಲ್ಲ! ಇದು ನೋಡಿ ಕಾನೂನಿನ ವಿಚಿತ್ರ. ಎಲ್‌ಎಫ್‌ಪಿಯಲ್ಲಿ ಬೆಂಕಿಯೂ ಇದೆ. ಆದರೆ ಕೇಂದ್ರ ಸರ್ಕಾರದ ಜಮೀನಿನಲ್ಲಿ ಮೇಯಿಸುತ್ತಿದ್ದು, ಬೆಂಕಿಯಿಂದಾಗಿ ಇನ್ನು ಮೇಯಿಸಬೇಡಿ ಅಂತ ಸರ್ಕಾರ ತಡೆದರೆ ಮಾತ್ರ. ಪಶ್ಚಿಮದ ನೆವಾಡ, ಐಡಾಹೊ ರಾಜ್ಯಗಳಲ್ಲಿ ಅಂಥ ಜಮೀನು ಹೇರಳ. ಟೆಕ್ಸಸ್‌ನಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ನೆಲ ಖಾಸಗಿಯವರದು. ಸ್ವಂತ ಹುಲ್ಲು ಸುಟ್ಟವನು ಈಲ್ಯಾಪ್ ಅನ್ನುವ ಇನ್ನೊಂದು ಯೋಜನೆಗೆ ಹೋಗಬೇಕು. ಜೇನು ಸಾಕುವವರು, ಮೀನು ಸಾಕುವವರು, ಎಲ್ಲಿಯೂ ಸಲ್ಲದ ನಷ್ಟದವರು ಎಲ್ಲ ಸೇರುವ ಜಾಗ ಅದು.

ಆ ಮಾರ್ಚ್ ತಿಂಗಳಲ್ಲಿ ಉಳಿದ ದನಗಳ ಹೊಟ್ಟೆ ತುಂಬಿಸಿದ್ದು ಸರ್ಕಾರ ಅಲ್ಲ. ಬೇರೆ ಬೇರೆ ರಾಜ್ಯಗಳಿಂದ ರೈತರು ಲಾರಿಗಳಲ್ಲಿ ಹುಲ್ಲಿನ ಸುರುಳಿ ಹೇರಿಕೊಂಡು ಬಂದರು. ಬಾಡಿಗೆ ಇಲ್ಲ, ರಸೀತಿ ಇಲ್ಲ. ಕೌಂಟಿ ಕೃಷಿ ಸಲಹೆಗಾರರು ಒಂದು ಕಡೆ ಇಳಿಸಿಕೊಂಡು ಹಂಚಿದರು. ಬೇಲಿ ತಂತಿಯೂ ಹಾಗೇ ಬಂತು.

ಕುರಿಹಟ್ಟಿ:

ನಮಸ್ಕಾರ ಎಲ್ಲರಿಗೂ. ಎರಡು ದಿನದಿಂದ ಸುಮ್ನೆ ಓದ್ತಾ ಇದ್ದೆ. ಎಲ್ಲರೂ ಹೊಲ, ದನ ಅಂತೀರಿ. ನಮ್ಮದು ಇನ್ನೂರು ಕುರಿ. ಜಮೀನು ಒಂದು ಎಕರೆ ಹತ್ತು ಗುಂಟೆ. ಕುರಿ ಮೇಯೋದು ಗೋಮಾಳ, ಕಾವಲು, ಸುಗ್ಗಿ ಮುಗಿದ ಹೊಲ. ಬೇಸಿಗೆಗೆ ಕಾಲುವೆ ಸೀಮೆ ಕಡೆ ವಲಸೆ. 2023ರ ಬರದಲ್ಲಿ ನಮ್ಮ ಮನೆಗೆ ಬಂದದ್ದು ಆ ಒಂದು ಎಕರೆಗೆ. ಕುರಿ ಮೇವಿಗೆ ಯಾವ ಲೆಕ್ಕವೂ ಇಲ್ಲ. ಟೆಕ್ಸಸ್‌ನಲ್ಲಿ ಜಮೀನಿಲ್ಲದ ಕುರಿಗಾಹಿಗೆ ಆ ಕೆಂಪು ನಕ್ಷೆಯಿಂದ ಏನಾದ್ರೂ ಸಿಗ್ತದಾ ಅಣ್ಣ?

ಅಮರಿಲ್ಲೊ ಕನ್ನಡಿಗ:

ಕುರಿಗೂ ಎಲ್‌ಎಫ್‌ಪಿ ಇದೆ ತಮ್ಮಾ. ದರ ಕಮ್ಮಿ, ಆದರೆ ಇದೆ. ಸ್ವಂತ ಹುಲ್ಲುಗಾವಲೇ ಬೇಕು ಅಂತಿಲ್ಲ, ಗುತ್ತಿಗೆ ಹಿಡಿದರೂ ನಡೆಯುತ್ತದೆ. ಆದರೆ ಗುತ್ತಿಗೆಯ ಕಾಗದ ಬೇಕು, ಅಥವಾ ಜಮೀನಿನ ಒಡೆಯ ಬಂದು ಹೌದು ಅಂತ ಸಹಿ ಹಾಕಬೇಕು. ಎಷ್ಟು ಎಕರೆ ಅಂತ ವರ್ಷ ವರ್ಷ ಕಚೇರಿಯಲ್ಲಿ ಬರೆಸಿರಬೇಕು. ನಿಮ್ಮ ಹಾಗೆ ಇವತ್ತು ಈ ಹೊಲ, ನಾಳೆ ಆ ಕಾವಲು ಅನ್ನುವವರಿಗೆ ಅಲ್ಲಿ ಜಾಗವೇ ಇಲ್ಲ. ನಿಮ್ಮಂಥ ಬದುಕು ಈ ಸೀಮೆಯಲ್ಲಿ ಮುಳ್ಳುತಂತಿ ಬಂದಾಗಲೇ, ಹತ್ತೊಂಬತ್ತನೇ ಶತಮಾನದ ಕೊನೆಗೆ ಮುಗಿದು ಹೋಯಿತು.

ಪಹಣಿ ಪುರಾಣ:

ಕುರಿಹಟ್ಟಿಯವರ ಮಾತಿಗೆ ಸೇರಿಸುತ್ತೇನೆ. ನಮ್ಮ ನಿಯಮದಲ್ಲಿ ಬರಗಾಲದ ಮೇವಿಗೆ ದುಡ್ಡು ಇದೆ. ಆದರೆ ಅದು ದನದ ಒಡೆಯನ ಖಾತೆಗೆ ಹೋಗುವುದಿಲ್ಲ. ಸರ್ಕಾರ ಗೋಶಾಲೆ ತೆರೆದರೆ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ಅಂತ ಆ ಗೋಶಾಲೆಗೆ ಹೋಗುತ್ತದೆ. ಇನ್ನೂರು ಕುರಿ ಹೊಡೆದುಕೊಂಡು ಯಾರು ಗೋಶಾಲೆಗೆ ಹೋಗುತ್ತಾರೆ? ಕುರಿ ನಡೆಯುವ ಪ್ರಾಣಿ. ನಿಯಮ ಬರೆದವರು ಕಟ್ಟಿ ಹಾಕಿದ ದನವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದಾರೆ. ಕಾವಲುಗಳೂ ಕರಗುತ್ತಿವೆ. ಚಳ್ಳಕೆರೆ ಕಡೆ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋದದ್ದು ಎಲ್ಲರಿಗೂ ಗೊತ್ತಿದೆ.

ನಕ್ಷೆ ವಿಷಯದಲ್ಲಿ ಒಂದು ಮಾತು. ನಕ್ಷೆ, ಮಳೆ ಲೆಕ್ಕ ನಮ್ಮಲ್ಲಿ ಇಲ್ಲ ಅಂದುಕೊಳ್ಳಬೇಡಿ. ಯಲಹಂಕದ ವಿಪತ್ತು ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯ್ತಿ ಮಟ್ಟದ ಮಳೆ ಮಾಪಕಗಳಿಂದ ಲೆಕ್ಕ ಬರುತ್ತದೆ. ಕೌಂಟಿಗಿಂತ ಎಷ್ಟೋ ಸಣ್ಣ ಘಟಕ. 2016ರ ಬರ ಕೈಪಿಡಿಯಲ್ಲಿ ಮಳೆ ಕೊರತೆ, ಒಣ ದಿನಗಳು, ಬಿತ್ತನೆ, ಮಣ್ಣಿನ ತೇವ, ಉಪಗ್ರಹದ ಹಸಿರು ಲೆಕ್ಕ ಎಲ್ಲ ಇವೆ. ಅಮೆರಿಕದಲ್ಲಿ ನಕ್ಷೆ ಕೆಂಪಾದರೆ ಕೆಲಸ ಮುಗಿಯಿತು. ನಮ್ಮಲ್ಲಿ ಅಲ್ಲಿಂದ ಕೆಲಸ ಶುರು. ಹತ್ತರಲ್ಲಿ ಒಂದು ಹಳ್ಳಿಗೆ ಹೋಗಿ ನೋಡಬೇಕು. ತಾಲೂಕು ಘೋಷಣೆ ಆಗಬೇಕು. ದೆಹಲಿಗೆ ಮನವಿ, ಅಲ್ಲಿಂದ ತಂಡ, ತಂಡದ ವರದಿ, ದೊಡ್ಡವರ ಸಭೆ.

2023ರಲ್ಲಿ ಹೀಗೇ ಆಯಿತು. ಸೆಪ್ಟೆಂಬರ್‌ನಲ್ಲಿ 195 ತಾಲೂಕು ಬರಪೀಡಿತ ಅಂದರು, ಆಮೇಲೆ 223 ಆಯಿತು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ಹೋಯಿತು. ರಾಜ್ಯ 18,171 ಕೋಟಿ ಕೇಳಿತ್ತು. ಜನವರಿಯಲ್ಲಿ ರಾಜ್ಯವೇ ಮೊದಲ ಕಂತು ಅಂತ ತಲಾ 2,000 ರೂಪಾಯಿವರೆಗೆ ಹಾಕಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕೇಂದ್ರದಿಂದ 3,454 ಕೋಟಿ ಬಂದದ್ದು 2024ರ ಏಪ್ರಿಲ್ ಕೊನೆಗೆ. ಮುಂಗಾರು ಬೆಳೆ ಒಣಗಿದ್ದಕ್ಕೆ ದುಡ್ಡು ಬಂದಾಗ ಮುಂದಿನ ಮುಂಗಾರಿಗೆ ಬಿತ್ತನೆ ಬೀಜ ಕೊಳ್ಳುವ ಕಾಲ.

ಶೇಂಗಾ ಹೊಲ:

ಆ ದುಡ್ಡು ನನ್ನ ಖಾತೆಗೆ ಬಂತು ಸಾರ್, ಅದೇ ದಿನ ಬ್ಯಾಂಕ್‌ನವರು ಬೆಳೆ ಸಾಲಕ್ಕೆ ಹಿಡಿದುಕೊಂಡರು. ಹಾಗೆ ಹಿಡಿಯಬಾರದು ಅಂತ ಸರ್ಕಾರ ಹೇಳಿತ್ತು. ಪೇಪರ್ ಕಟಿಂಗ್ ತೋರಿಸಿ ಜಗಳ ಆಡಿ ವಾಪಸ್ ಹಾಕಿಸಿಕೊಂಡೆ. ನಮ್ಮ ಅಣ್ಣನಿಗೆ ಬರಲೇ ಇಲ್ಲ. ಪಹಣಿ ಇನ್ನೂ ತಾತನ ಹೆಸರಲ್ಲಿದೆ. ಪೌತಿ ಖಾತೆ ಆಗಿಲ್ಲ, ಹಾಗಾಗಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಆಗಲ್ಲ. ಹೊಲ ಉಳೋದು ಅವನು, ಸಾಲ ಅವನದು, ಬೆಳೆ ಒಣಗಿದ್ದು ಅವನದು. ಕಾಗದದಲ್ಲಿ ತಾತ.

ಲೆಕ್ಕ ಪಕ್ಕಾ:

ಇದಕ್ಕೇ ನಾನು ಹೇಳೋದು. ನೇರ ಖಾತೆಗೆ ದುಡ್ಡು ಅಂತ ತಂದದ್ದರಿಂದ ಮಧ್ಯದವರ ಕೈ ತಪ್ಪಿತು, ಅದು ದೊಡ್ಡ ಲಾಭ. ಎಲ್ಲೋ ಕೆಲವರ ಪಹಣಿ ಸರಿ ಇಲ್ಲ ಅಂತ ಇಡೀ ವ್ಯವಸ್ಥೆಯನ್ನ ಬೈಯೋದು ಸರಿಯಲ್ಲ.

ಪಹಣಿ ಪುರಾಣ:

ಲೆಕ್ಕದವರೇ, ಕೆಲವರಲ್ಲ. ಸತ್ತವರ ಹೆಸರಲ್ಲಿ ಇರುವ ಪಹಣಿ, ಅಣ್ಣತಮ್ಮಂದಿರ ಜಂಟಿ ಖಾತೆ, ಬಾಯಿಮಾತಿನ ಗುತ್ತಿಗೆ, ಇವು ಇಲ್ಲದ ಹಳ್ಳಿಯನ್ನು ನನ್ನ ಸರ್ವಿಸ್‌ನಲ್ಲಿ ನೋಡಿಲ್ಲ. ಹಳೇ ಪದ್ಧತಿಯಲ್ಲಿ ಲಂಚ ಇತ್ತು, ನಿಜ. ಆದರೆ ಊರಿನ ಲೆಕ್ಕಿಗನಿಗೆ ಆ ಹೊಲ ಯಾರು ಉಳುತ್ತಾರೆ ಅನ್ನುವುದಾದರೂ ಗೊತ್ತಿರುತ್ತಿತ್ತು. ಈಗಿನ ತಂತ್ರಾಂಶಕ್ಕೆ ಆಧಾರ್ ಗೊತ್ತು, ಹೊಲ ಗೊತ್ತಿಲ್ಲ.

ತೊಗರಿ ಕಣಜ:

ಇದಕ್ಕ ಒಂದು ಚಪ್ಪಾಳೆ.

ಅಮರಿಲ್ಲೊ ಕನ್ನಡಿಗ:

ಊರಿನವರಿಗೆ ಗೊತ್ತು ಅನ್ನುವ ಮಾತಿಗೆ ಇಲ್ಲಿನ ಅನುಭವ ಎರಡು ಬಗೆ. ಪ್ರತಿ ಕೌಂಟಿಯಲ್ಲೂ ಎಫ್‌ಎಸ್‌ಎ ಜೊತೆ ಒಂದು ಸಮಿತಿ ಇರುತ್ತದೆ. ರೈತರೇ ಓಟು ಹಾಕಿ ಆರಿಸಿದ ರೈತರು. ಅರ್ಜಿ ಒಪ್ಪಬೇಕೋ ಬೇಡವೋ, ಇಷ್ಟು ದನ ಇದ್ದದ್ದು ನಂಬುವಂಥದ್ದೋ ಅಂತ ಅವರು ನೋಡುತ್ತಾರೆ. ಹೆಂಫಿಲ್‌ನಂಥ ಕಡೆ ಎಲ್ಲರಿಗೂ ಎಲ್ಲರ ಮಂದೆ ಗೊತ್ತು. ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿ ಬೀಳುತ್ತಾರೆ. ಆದರೆ ಇದೇ ಸಮಿತಿಗಳು ದಕ್ಷಿಣದ ರಾಜ್ಯಗಳಲ್ಲಿ ದಶಕಗಟ್ಟಲೆ ಬಿಳಿಯರ ಕೈಯಲ್ಲಿದ್ದವು. ಕಪ್ಪು ರೈತರ ಸಾಲದ ಅರ್ಜಿ ತಡ ಮಾಡುವುದು, ತಳ್ಳಿ ಹಾಕುವುದು ನಡೆದೇ ಇತ್ತು. ಪಿಗ್‌ಫರ್ಡ್ ಅನ್ನುವ ಮೊಕದ್ದಮೆ ಆಗಿ, 1999ರಲ್ಲಿ ಸರ್ಕಾರ ಪರಿಹಾರ ಕೊಡಲು ಒಪ್ಪಿ ರಾಜಿ ಆಯಿತು. ಊರಿನ ಕಣ್ಣು ಯಾರ ಕಣ್ಣು ಅನ್ನುವುದನ್ನೂ ಕೇಳಬೇಕಲ್ಲ.

ಆ ದೃಷ್ಟಿಯಲ್ಲಿ ನನಗೆ ನಕ್ಷೆಯೇ ವಾಸಿ ಅನ್ನಿಸುತ್ತದೆ. ಸ್ವಲ್ಪ ಜನರಿಗೆ ಸುಮ್ಮನೆ ದುಡ್ಡು ಹೋದರೂ ಪರವಾಗಿಲ್ಲ. ಬರುವ ದುಡ್ಡು ಮೇವು ಕೊಳ್ಳುವ ಕಾಲಕ್ಕೆ ಬರಬೇಕು. 2011ರಲ್ಲಿ ಟೆಕ್ಸಸ್‌ಗೆ ಭೀಕರ ಬರ ಬಂತು. ಅದೇ ಹೊತ್ತಿಗೆ ಈ ಯೋಜನೆಗಳ ಅವಧಿ ಮುಗಿದು ಹೋಗಿ ಸಂಸತ್ತು ಹೊಸ ಕಾನೂನು ಮಾಡಲಿಲ್ಲ. 2014ರಲ್ಲಿ ಮಾಡಿ, 2011ರ ಅಕ್ಟೋಬರ್‌ನಿಂದ ಆದ ನಷ್ಟಕ್ಕೂ ಕೊಡುತ್ತೇವೆ ಅಂದರು. ಅಷ್ಟರಲ್ಲಿ ಎಷ್ಟೋ ಜನ ಮಂದೆಯನ್ನೇ ಮಾರಿ ಆಗಿತ್ತು.

ಈಗಲೂ ಇದು ಹೋಗಿಲ್ಲ. 2023, 2024ರ ನಷ್ಟಕ್ಕೆ ಸಂಸತ್ತು ವಿಶೇಷ ಹಣ ಒಪ್ಪಿದ್ದು 2024ರ ಡಿಸೆಂಬರ್ 21ಕ್ಕೆ. ಬರ, ಬೆಂಕಿಯಲ್ಲಿ ಮೇವು ಕಳೆದುಕೊಂಡವರಿಗೆ ಅದರಿಂದ ಹೆಚ್ಚುವರಿ ಕೊಡಲು ಶುರು ಮಾಡಿದ್ದು 2025ರ ಮೇ ಕೊನೆಗೆ. ಹೊಸ ಅರ್ಜಿ ಕೇಳಲಿಲ್ಲ, ಹಳೇ ಎಲ್‌ಎಫ್‌ಪಿ ಕಡತ ನೋಡಿ ಹಾಕಿದರು. ಒಳ್ಳೆಯದೇ. ಆದರೆ ಎಲ್‌ಎಫ್‌ಪಿಯಲ್ಲಿ ದುಡ್ಡು ಸಿಗದವನಿಗೆ ಆ ಸುತ್ತಿನಲ್ಲೂ ಸಿಗಲಿಲ್ಲ.

ಹೊಸ ಸದಸ್ಯ 41:

ಯಾರಿಗೆ ಎಷ್ಟು ಹೋಯಿತು ಅಂತ ಜನ ನೋಡಬಹುದಾ ಅಲ್ಲಿ? ನಮ್ಮಲ್ಲಿ ಹಳ್ಳಿವಾರು ಪಟ್ಟಿ ಕಂದಾಯ ಇಲಾಖೆಯ ಪರಿಹಾರ ತಾಣದಲ್ಲಿ ಸಿಗುತ್ತೆ. ನಮ್ಮೂರಿನ ಪಟ್ಟಿ ನೋಡಿ ಮೂರು ಮನೆಯವರು ಮಾತು ಬಿಟ್ಟಿದ್ದಾರೆ.

ಅಮರಿಲ್ಲೊ ಕನ್ನಡಿಗ:

ನೋಡಬಹುದು. ಎನ್ವಿರಾನ್ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನುವ ಸಂಸ್ಥೆ ಸರ್ಕಾರದಿಂದಲೇ ಲೆಕ್ಕ ತೆಗೆಸಿ, 1995ರಿಂದ ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಅಂತ ಹೆಸರು ಸಮೇತ ಹಾಕುತ್ತದೆ. ಇಲ್ಲೂ ಮಾತು ಬಿಟ್ಟವರಿದ್ದಾರೆ. ಆ ಪಟ್ಟಿ ನೋಡಿದರೆ ಒಂದು ಮಾತು ಸ್ಪಷ್ಟ. ದುಡ್ಡು ನಷ್ಟದ ಹಿಂದೆ ಹೋಗುವುದಕ್ಕಿಂತ ದನದ ಸಂಖ್ಯೆಯ ಹಿಂದೆ, ಎಕರೆಯ ಹಿಂದೆ ಹೋಗುತ್ತದೆ. ಮೇಲಿನ ಕೆಲವು ಹೆಸರುಗಳಿಗೇ ದೊಡ್ಡ ಪಾಲು. ಲೆಕ್ಕ ಪಕ್ಕಾ ಅವರ ಸಿಟ್ಟಿಗೆ ಇಲ್ಲಿ ಆಧಾರ ಇದೆ.

ಲೆಕ್ಕ ಪಕ್ಕಾ:

ಕೊನೆಗೂ ಒಂದು ವಿಷಯದಲ್ಲಿ ಒಪ್ಪಿದ್ರಲ್ಲ, ಸಂತೋಷ. ಆದರೆ ನಮ್ಮ ಎರಡು ಹೆಕ್ಟೇರ್ ಮಿತಿಯನ್ನ ಆಗ ಯಾಕೆ ಬೈದ್ರಿ ಎಲ್ಲರೂ? ಅದು ಸಣ್ಣವರ ಪರ ಇರೋ ನಿಯಮ ಅಲ್ವಾ?

ಪಹಣಿ ಪುರಾಣ:

ಮಿತಿಯನ್ನು ನಾನು ಬೈದಿಲ್ಲ. ದರವನ್ನು ಬೈಯುತ್ತೇನೆ. ಮಳೆಯಾಶ್ರಿತ ಶೇಂಗಾಕ್ಕೆ ಎಕರೆಗೆ 3,400 ರೂಪಾಯಿ ಬೀಳುತ್ತದೆ. ಅದರಲ್ಲಿ ಬೀಜದ ಖರ್ಚೂ ಹುಟ್ಟುವುದಿಲ್ಲ. ಕುರಿಗೆ ಮೂವತ್ತರ ಮಿತಿ ಇಟ್ಟದ್ದು ಮಾತ್ರ ಸರಿ ಇಲ್ಲ. ಇನ್ನೂರು ಕುರಿ ಇದ್ದ ಮಾತ್ರಕ್ಕೆ ಶ್ರೀಮಂತ ಅಲ್ಲ.

ಕುರಿಹಟ್ಟಿ:

ನನ್ನದು ಕೊನೇ ಪ್ರಶ್ನೆ. ಹೋದ ತಿಂಗಳು ಮಳೆ ಚಳಿಗೆ ಒಂದೇ ರಾತ್ರಿ ಹನ್ನೊಂದು ಕುರಿ ಸತ್ತವು. ಹೂತು ಹಾಕಿದ್ವಿ. ಈಗ ಪರಿಹಾರ ಕೇಳೋಕೆ ಹೋದರೆ ಪೋಸ್ಟ್‌ಮಾರ್ಟಂ ಎಲ್ಲಿ ಅಂತಾರೆ. ಏನು ಮಾಡೋದು?

ಪಹಣಿ ಪುರಾಣ:

ಅಯ್ಯೋ ಮಗನೇ. ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ದೊಡ್ಡ ಕುರಿಗೆ ಈಗ 7,500 ರೂಪಾಯಿ ಇದೆ. ಮೊದಲು 5,000 ಇತ್ತು, 2025ರ ಬಜೆಟ್‌ನಲ್ಲಿ ಏರಿಸಿದರು. ವಿಪತ್ತು ನಿಧಿಯ 4,000ಕ್ಕಿಂತ ಅದೇ ಲೇಸು. ಆದರೆ ಸರ್ಕಾರಿ ಪಶುವೈದ್ಯರ ಪೋಸ್ಟ್‌ಮಾರ್ಟಂ ಇಲ್ಲದೆ ಆಗುವುದಿಲ್ಲ. ಹೂತ ಮೇಲೆ ಕಷ್ಟ. ಆದರೂ ಕೈಬಿಡಬೇಡ. ಆ ದಿನದ ಫೋಟೊ ಇದ್ದರೆ, ಹಟ್ಟಿಯವರ ಹೇಳಿಕೆ ಬರೆಸಿ ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ ಮಾಡಿಸಲು ಕೇಳು. ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೋ. ಮುಂದೆ ಹೀಗಾದರೆ, ಆಗದಿರಲಿ, ಹೂಳುವ ಮುಂಚೆ ಪಶು ಆಸ್ಪತ್ರೆಗೆ ಫೋನ್ ಮಾಡು. ರಾತ್ರಿಯಾದರೂ ಮಾಡು, ಎಷ್ಟು ಗಂಟೆಗೆ ಮಾಡಿದೆ ಅನ್ನುವುದು ಫೋನಿನಲ್ಲಿ ಉಳಿಯುತ್ತದೆ.

ಅಮರಿಲ್ಲೊ ಕನ್ನಡಿಗ:

ನನ್ನ ಕಕ್ಷಿದಾರರಿಗೆ ನಾನು ಹೇಳುವುದೂ ಇದನ್ನೇ. ಒಂದೊಂದು ದನದ ಕಿವಿಯ ಓಲೆ ನಂಬರ್ ಕಾಣುವ ಹಾಗೆ ಫೋಟೊ, ಆಮೇಲೆ ಗುಂಡಿ. ಕುರಿಹಟ್ಟಿ, ಸತ್ತ ಹನ್ನೊಂದರಲ್ಲಿ ಓಲೆ ಇದ್ದವು ಎಷ್ಟು? ಆ ಪಟ್ಟಿ ಪಶು ಆಸ್ಪತ್ರೆಯ ಲಸಿಕೆ ಪುಸ್ತಕದಲ್ಲಿ ಸಿಗಬಹುದು, ಕೇಳಿ ನೋಡಿ.

ಕುರಿಹಟ್ಟಿ:

ಏಳಕ್ಕೆ ಇತ್ತು ಅಣ್ಣ. ಸೋಮವಾರ ಹೋಗಿ ಕೇಳ್ತೀನಿ.